ಸಾಕು ಮನೆಯಲ್ಲಿ ವಿಶೇಷ ಅಗತ್ಯದ ಮಗು: ಬರುವ ದಿನದಿಂದ ಬೀಳ್ಕೊಡುವವರೆಗೆ

ಹೆತ್ತವರ ಜೊತೆ ಇರಲಾಗದ ಮಗುವನ್ನು ಸ್ವಲ್ಪ ಕಾಲ ಸಾಕುವ ಕುಟುಂಬವೇ ಸಾಕು ಮನೆ (ಫಾಸ್ಟರ್ ಮನೆ). ಅಲ್ಲಿ ಮಗುವಿನ ವಾಸ ಅರ್ಧಕ್ಕೇ ಮುರಿದುಬೀಳುವುದು ಯಾವುದೋ ಒಂದು ದೊಡ್ಡ ರಂಪದಿಂದ ಎಂದು ಹೊರಗಿನವರು ತಿಳಿಯುತ್ತಾರೆ. ಹೆಚ್ಚಿನ ಸಲ ಹಾಗಾಗುವುದಿಲ್ಲ. ಊಟಕ್ಕೆ ಕೂರುವಾಗ ಹಟ, ಹಲ್ಲುಜ್ಜಲು ಅಳು, ಪಕ್ಕದಲ್ಲಿ ಕೂತವರಿಗೆ ಚಿವುಟು, ಮಲಗಿಸಿದ ಮೇಲೆ ನಾಲ್ಕು ಸಲ ಎದ್ದು ಬರುವುದು. ಇಂಥವು ದಿನಕ್ಕೆ ಹತ್ತು ಹನ್ನೆರಡಾದರೆ ಸಾಕುವವರ ತ್ರಾಣ ಸದ್ದಿಲ್ಲದೆ ಬತ್ತಿಹೋಗುತ್ತದೆ. ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಚೇಂಬರ್ಲಿನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 5ರಿಂದ 12 ವರ್ಷದ ಮಕ್ಕಳಿದ್ದ ಸಾಕು ಮನೆಗಳನ್ನು ಗಮನಿಸಿತ್ತು. ದಿನಕ್ಕೆ ಇಂಥ 6 ಸಮಸ್ಯೆಯ ವರ್ತನೆಗಳವರೆಗೆ ಮನೆಯವರು ತಾಳಿಕೊಳ್ಳುತ್ತಿದ್ದರು. ಅದರಾಚೆ ಒಂದೊಂದು ಸೇರಿದಂತೆಲ್ಲ ಮಗು ಆ ಮನೆ ಬಿಡಬೇಕಾಗಿ ಬರುವ ಸಂಭವ ಶೇ 17ರಷ್ಟು ಏರುತ್ತಿತ್ತು.

ಈ ಕೆಲಸಕ್ಕೆ ಇಳಿಯುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಲೆಕ್ಕ ಇದು. ಮಗುವನ್ನು ಪೂರ್ತಿ ಬದಲಿಸುವ ಗುರಿ ಬೇಡ. ದಿನಕ್ಕೆ ಹನ್ನೆರಡು ಇದ್ದದ್ದನ್ನು ಐದಕ್ಕೆ ತಂದರೆ ಮನೆ ಉಳಿಯುತ್ತದೆ, ಮನೆ ಉಳಿದರೆ ಮಗುವಿಗೆ ಕಲಿಯಲು ಸಮಯ ಸಿಗುತ್ತದೆ. ಐದಕ್ಕೆ ತರಬೇಕಾದರೆ ಮೊದಲು ಎಣಿಸಬೇಕು.

ಥೆರಪ್ಯೂಟಿಕ್ ಫಾಸ್ಟರ್ ಕೇರ್ ಕಟ್ಟಿಕೊಂಡಿರುವುದೇ ಈ ತಿಳಿವಳಿಕೆಯ ಮೇಲೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಬೌದ್ಧಿಕ ಬೆಳವಣಿಗೆಯ ಹಿನ್ನಡೆ, ಗರ್ಭದಲ್ಲಿದ್ದಾಗ ತಾಯಿ ಕುಡಿದ ಮದ್ಯದಿಂದ ಮಿದುಳಿಗಾದ ಹಾನಿ, ಹಿಂಸೆ ಅಥವಾ ನಿರ್ಲಕ್ಷ್ಯದ ಆಘಾತ, ಅಥವಾ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರುವ ಮಗುವನ್ನು ಸಂಸ್ಥೆಯಲ್ಲಿಡುವ ಬದಲು ತರಬೇತಾದ ಕುಟುಂಬದಲ್ಲಿಟ್ಟು, ಆ ಕುಟುಂಬದ ಬೆನ್ನಿಗೆ ಒಂದು ತಂಡವನ್ನು ನಿಲ್ಲಿಸುತ್ತಾರೆ. ಅಮೆರಿಕದ ಒರೆಗಾನ್‌ನಲ್ಲಿ 1983ರಲ್ಲಿ ಶುರುವಾದ ಮಾದರಿಯಲ್ಲಿ ಸಾಮಾನ್ಯವಾಗಿ ಒಂದು ಮನೆಗೆ ಒಂದೇ ಮಗು. ವಾರದ ದಿನಗಳಲ್ಲಿ ತಂಡದವರು ಫೋನ್ ಮಾಡಿ ಹಿಂದಿನ ದಿನ ಯಾವ ಯಾವ ವರ್ತನೆ ಕಂಡಿತು, ಯಾವುದು ಕಷ್ಟವಾಯಿತು ಎಂದು ಪಟ್ಟಿ ಹಿಡಿದು ಕೇಳಿ ಬರೆದುಕೊಳ್ಳುತ್ತಾರೆ. ನಿಮ್ಮ ತಂಡ ಹಾಗೆ ಕೇಳದಿದ್ದರೂ ಈ ದಾಖಲೆಯನ್ನು ನೀವೇ ಇಡಿ. ಮಗುವನ್ನು ಹಿಡಿದು ತಡೆಯುವುದು, ಔಷಧ ಕೊಡುವುದು, ಫೋಟೊ ಹಂಚುವುದು, ಊರು ಬಿಟ್ಟು ಕರೆದೊಯ್ಯುವುದು, ಇವಕ್ಕೆಲ್ಲ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅವನ್ನು ನಿಮ್ಮನ್ನು ನೇಮಿಸಿದ ಸಂಸ್ಥೆಯಿಂದ ಬರಹದಲ್ಲೇ ಪಡೆದುಕೊಳ್ಳಿ.

ಮಗು ಬರುವ ಮೊದಲು

ಕಡತದಲ್ಲಿ ರೋಗಗಳ ಹೆಸರು ಸಿಗುತ್ತವೆ, ಮಗು ಸಿಗುವುದಿಲ್ಲ. ಆದ್ದರಿಂದ ಈವರೆಗೆ ನೋಡಿಕೊಂಡವರ ಜೊತೆ ಅರ್ಧ ಗಂಟೆ ಮಾತಾಡಲು ಪಟ್ಟುಹಿಡಿಯಿರಿ. ಕೇಳಬೇಕಾದದ್ದು ಇಷ್ಟು: ಹಸಿವು, ನೋವು, ಮೂತ್ರ, ‘ಸಾಕು’ ಎನ್ನುವುದನ್ನು ಮಗು ಹೇಗೆ ತಿಳಿಸುತ್ತದೆ? ರೇಗುವ ಮೊದಲು ಮೈಯಲ್ಲಿ ಏನು ಕಾಣುತ್ತದೆ? ಕಿವಿ ಮುಚ್ಚುತ್ತದೆಯೇ, ಓಡಾಡುತ್ತದೆಯೇ, ಮೌನವಾಗುತ್ತದೆಯೇ? ಸಮಾಧಾನವಾಗುವುದು ಯಾವುದರಿಂದ? ತಿನ್ನುವ ನಾಲ್ಕು ಪದಾರ್ಥ ಯಾವುವು? ಮಲಗುವಾಗ ಬೇಕಾದ ವಸ್ತು ಯಾವುದು? ಫಿಟ್ಸ್ ಬಂದಿದೆಯೇ? ಮನೆ ಬಿಟ್ಟು ಓಡಿದ್ದುಂಟೇ? ಮಣ್ಣು, ಬಣ್ಣದ ಚಕ್ಕೆ, ಬಟನ್ ಬ್ಯಾಟರಿಯಂಥವನ್ನು ಬಾಯಿಗೆ ಹಾಕುತ್ತದೆಯೇ? ಯಾರನ್ನು ಭೇಟಿ ಮಾಡಿಸಬಾರದು? ಔಷಧಗಳ ಹೆಸರು, ಪ್ರಮಾಣ, ಹೊತ್ತು, ಕೊನೆಯದಾಗಿ ಕೊಟ್ಟ ಗಂಟೆ ಎಲ್ಲವೂ ಬರಹದಲ್ಲಿರಲಿ, ಮಾತ್ರೆಗಳನ್ನು ಎದುರಿಗೇ ಎಣಿಸಿ ತೆಗೆದುಕೊಳ್ಳಿ.

ನಿಮ್ಮ ಮನೆಯ ಆರೆಂಟು ಫೋಟೊ ಮುಂಚಿತವಾಗಿ ಕಳಿಸಿ: ಹೊರಬಾಗಿಲು, ಮಗುವಿನ ಹಾಸಿಗೆ, ಶೌಚಾಲಯ, ಊಟದ ಜಾಗ, ಮನೆಯವರ ಮುಖಗಳು, ನಾಯಿ ಬೆಕ್ಕು ಇದ್ದರೆ ಅವೂ. ಮಾತು ಬಾರದ ಮಗುವಿಗೆ ಇದಕ್ಕಿಂತ ದೊಡ್ಡ ಪರಿಚಯವಿಲ್ಲ.

ಮನೆಯಲ್ಲಿ ಮಾಡಬೇಕಾದ ಬದಲಾವಣೆ ಹೆಚ್ಚಿಲ್ಲ, ಆದರೆ ಮಗು ಬರುವ ಮುಂಚೆಯೇ ಆಗಿರಬೇಕು. ಔಷಧ, ಚಾಕು, ಸ್ವಚ್ಛತೆಯ ರಾಸಾಯನಿಕ ಬೀಗದೊಳಗೆ. ಹೊರಬಾಗಿಲಿಗೂ ಮಗುವಿನ ಕೋಣೆಯ ಬಾಗಿಲಿಗೂ ತೆರೆದರೆ ಸದ್ದು ಮಾಡುವ ಗಂಟೆ. ಭಾರದ ಬೀರು, ಟಿವಿ ಗೋಡೆಗೆ ಬಿಗಿದಿರಲಿ. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರಿನ ಸೆಳೆತ ವಿಪರೀತ, ಮನೆಯಿಂದ ತಪ್ಪಿಸಿಕೊಂಡಾಗ ಸಾವು ಬರುವುದು ಬಹುಪಾಲು ನೀರಿನಿಂದಲೇ. ಸುತ್ತಮುತ್ತಲ ತೊಟ್ಟಿ, ಬಾವಿ, ಕೆರೆ, ಈಜುಕೊಳ ಎಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಮಗು ಕಾಣದಿದ್ದರೆ ಮೊದಲು ಅಲ್ಲಿಗೇ ಓಡಬೇಕು.

ಮಲಗುವ ಕೋಣೆ ಬೇರೆ ಮಕ್ಕಳ ಜೊತೆ ಹಂಚಿಕೆ ಬೇಡ. ಸ್ನಾನ, ಬಟ್ಟೆ ಬದಲಿಸುವುದು, ಬೇರೆಯವರ ಹಾಸಿಗೆಗೆ ಹೋಗುವುದು, ಇವುಗಳ ನಿಯಮ ಮನೆಯ ಎಲ್ಲರಿಗೂ ಒಂದೇ ಇರಲಿ. ಮಗುವಿನ ಹಿಂದಿನ ಬದುಕಿನ ಬಗ್ಗೆ ನಿಮಗೆ ಗೊತ್ತಿರುವುದು ಸ್ವಲ್ಪವೇ ಎಂದು ಎಣಿಸಿಯೇ ಈ ನಿಯಮ ಮಾಡಿ.

ಮೊದಲ ವಾರಗಳು

ಬಂದ ದಿನ ನೆಂಟರು, ಅಕ್ಕಪಕ್ಕದವರು, ಹೊಸ ಬಟ್ಟೆಯ ಸಡಗರ ಯಾವುದೂ ಬೇಡ. ಶೌಚಾಲಯ ಎಲ್ಲಿ, ತಿಂಡಿ ಎಲ್ಲಿ, ಮಲಗುವುದು ಎಲ್ಲಿ, ರಾತ್ರಿ ಭಯವಾದರೆ ಯಾರನ್ನು ಕರೆಯಬೇಕು, ಇಷ್ಟು ತೋರಿಸಿ. ಜೊತೆಗೆ ತಂದ ಹೊದಿಕೆ, ಬೊಂಬೆ ಎಷ್ಟೇ ಕೊಳೆಯಾಗಿದ್ದರೂ ಒಗೆಯಬೇಡಿ. ಆ ವಾಸನೆಯೊಂದೇ ಆ ಮಗುವಿಗೆ ಗೊತ್ತಿರುವ ಮನೆ. ನಿಯಮಗಳು ಮೂರಕ್ಕಿಂತ ಹೆಚ್ಚು ಬೇಡ.

ಮೊದಲ ಕೆಲವು ವಾರ ಎಷ್ಟೋ ಮಕ್ಕಳು ಬಹಳ ಸೌಮ್ಯವಾಗಿರುತ್ತಾರೆ. ‘ಹೇಳಿದಷ್ಟೇನೂ ಇಲ್ಲವಲ್ಲ’ ಎಂದು ಮನೆಯವರು ನಿಯಮ ಸಡಿಲಿಸುತ್ತಾರೆ, ಪ್ರವಾಸ ಹೊರಡುತ್ತಾರೆ. ಆಮೇಲೆ ಕಿರುಚಾಟ ಶುರುವಾದಾಗ ತಮ್ಮಿಂದೇನೋ ತಪ್ಪಾಯಿತೆಂದು ಕಂಗಾಲಾಗುತ್ತಾರೆ. ಮಗು ಮೊದಲು ಉಸಿರು ಬಿಗಿಹಿಡಿದಿತ್ತು, ಈಗ ಬಿಟ್ಟಿದೆ, ಅಷ್ಟೇ. ಶಾಂತವಾಗಿದ್ದ ದಿನಗಳಲ್ಲೇ ದಿನಚರಿಯನ್ನು ಗಟ್ಟಿ ಮಾಡಿಕೊಂಡಿದ್ದರೆ ಈಗ ಅದೇ ಆಸರೆಯಾಗುತ್ತದೆ.

ಇದೇ ಅವಧಿಯಲ್ಲಿ ಕಿವಿ, ಕಣ್ಣು, ಹಲ್ಲು, ಹೊಟ್ಟೆ ನಾಲ್ಕನ್ನೂ ಪರೀಕ್ಷೆ ಮಾಡಿಸಿ. ‘ಹೇಳಿದ್ದು ಕೇಳುವುದಿಲ್ಲ’ ಎಂದು ಬರೆಸಿಕೊಂಡು ಬಂದ ಮಗುವಿಗೆ ಕಿವಿಯೇ ಸರಿಯಾಗಿ ಕೇಳಿಸದಿರುವುದುಂಟು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುತ್ತಿದ್ದರೆ ವರ್ತನೆಯ ಯೋಜನೆಗಿಂತ ಮೊದಲು ಹಲ್ಲುನೋವು, ಕಿವಿ ಸೋಂಕು, ಮಲಬದ್ಧತೆ ನೋಡಬೇಕು. ಮಲಬದ್ಧತೆ ಎಲ್ಲರೂ ಮರೆಯುವ ಕಾರಣ. ಒಳಉಡುಪಿನಲ್ಲಿ ಆಗಾಗ ತೆಳ್ಳಗೆ ಸೋರುವುದನ್ನು ಬೇಕೆಂದೇ ಮಾಡಿದ್ದು ಎಂದು ಬೈಯುತ್ತಾರೆ, ಒಳಗೆ ಗಟ್ಟಿಯಾಗಿ ಕಟ್ಟಿಕೊಂಡ ಮಲದ ಪಕ್ಕದಿಂದ ಅದು ತಾನಾಗಿ ಸೋರುತ್ತಿರುತ್ತದೆ.

ದಿನಚರಿ, ಸೂಚನೆ, ಊಟ

ದಿನದ ಕೆಲಸಗಳನ್ನು ಸಾಲಾಗಿ ತೋರಿಸುವ ಚಿತ್ರದ ದಿನಚರಿ ಹಲಗೆಯಲ್ಲಿ ಒಂದು ಸಲಕ್ಕೆ ಐದಾರು ಚಿತ್ರ ಸಾಕು, ತೀರ ಚಿಕ್ಕವರಿಗೆ ಎರಡೇ: ‘ಮೊದಲು ಇದು, ಆಮೇಲೆ ಅದು’. ಮುಗಿದ ಚಿತ್ರವನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಬೇಕು. ಹಲಗೆ ಕೆಲಸ ಮಾಡದಿದ್ದರೆ ಕಾರಣ ಬಹಳ ಸಲ ದೊಡ್ಡವರದೇ. ಗೋಡೆಗೆ ಹಾಕಿ ಮರೆತಿರುತ್ತಾರೆ, ಅಥವಾ ದಿನ ಬದಲಾದರೂ ಹಲಗೆ ಬದಲಾಗಿರುವುದಿಲ್ಲ. ಹಲಗೆ ಒಂದು ಹೇಳಿ ದಿನ ಇನ್ನೊಂದಾದರೆ ಮಗು ಅದನ್ನು ನಂಬುವುದು ಬಿಡುತ್ತದೆ. ‘ಬದಲಾವಣೆ’ ಎಂಬುದಕ್ಕೇ ಒಂದು ಚಿತ್ರ ಇಟ್ಟುಕೊಂಡು, ಖುಷಿಯ ಬದಲಾವಣೆಗಳಿಗೂ ಅದನ್ನು ಬಳಸಿ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಗಳಿಗೆಯೇ ದಿನದ ದುರ್ಬಲ ಜಾಗ. 5 ನಿಮಿಷ ಮೊದಲು ಒಮ್ಮೆ, 1 ನಿಮಿಷ ಮೊದಲು ಇನ್ನೊಮ್ಮೆ ತಿಳಿಸಿ. ಗಡಿಯಾರ ಓದಲು ಬಾರದ ಮಗುವಿಗೆ ಮರಳು ಗಡಿಯಾರ ಇಡಿ. ಸೂಚನೆ ಒಂದು ಸಲಕ್ಕೆ ಒಂದೇ, ಐದಾರು ಪದದೊಳಗೆ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಹತ್ತು ಸೆಕೆಂಡು ಕಾಯುವುದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ನಾವು ಮೂರನೇ ಸೆಕೆಂಡಿಗೇ ಇನ್ನೊಂದು ವಾಕ್ಯ ಸೇರಿಸುತ್ತೇವೆ, ಆಗ ಮಗುವಿನ ತಲೆಯಲ್ಲಿ ಮೊದಲಿನಿಂದ ಅರ್ಥಮಾಡಿಕೊಳ್ಳುವ ಕೆಲಸ ಶುರುವಾಗುತ್ತದೆ.

ವಯಸ್ಸು ನೋಡಿ ನಿರೀಕ್ಷೆ ಇಡಬೇಡಿ. ಹತ್ತು ವರ್ಷದ ಮಗು ಎಂಟರಂತೆ ಓದಬಹುದು, ಐದರಂತೆ ಆಡಬಹುದು, ಸಿಟ್ಟು ಬಂದಾಗ ಮೂರರಂತಿರಬಹುದು. ಆ ಗಳಿಗೆಯಲ್ಲಿ ಎದುರಿಗಿರುವ ವಯಸ್ಸಿಗೆ ತಕ್ಕ ಸಹಾಯ ಕೊಡಿ. ನಿದ್ದೆ ಮಾತ್ರ ನಿಜ ವಯಸ್ಸಿನ ಲೆಕ್ಕಕ್ಕೆ: 6ರಿಂದ 12ರವರಿಗೆ 9ರಿಂದ 12 ಗಂಟೆ, 3ರಿಂದ 5ರವರಿಗೆ ಹಗಲು ನಿದ್ದೆ ಸೇರಿ 10ರಿಂದ 13 ಗಂಟೆ.

ಹಸಿವು ಕಂಡ ಮಕ್ಕಳು ಆಹಾರ ಬಚ್ಚಿಡುತ್ತಾರೆ. ದಿಂಬಿನಡಿ ರೊಟ್ಟಿ, ಶಾಲೆಯ ಚೀಲದಲ್ಲಿ ಕೊಳೆತ ಹಣ್ಣು ಸಿಗುತ್ತದೆ. ಇದನ್ನು ಕಳ್ಳತನ ಎಂದು ಕರೆದ ದಿನವೇ ಬಚ್ಚಿಡುವುದು ಇಮ್ಮಡಿಯಾಗುತ್ತದೆ. ಎರಡೂವರೆ ಮೂರು ಗಂಟೆಗೊಮ್ಮೆ ತಪ್ಪದೆ ಏನಾದರೂ ತಿನ್ನಲು ಕೊಡಿ: ಮೂರು ಊಟ, ಎರಡು ಮೂರು ಲಘು ತಿಂಡಿ. ಮಗುವಿನ ಹೆಸರಿನ ಒಂದು ಮುಚ್ಚಳದ ಡಬ್ಬಿಯಲ್ಲಿ ಕೆಡದ ತಿಂಡಿ ಇಟ್ಟು, ಕೇಳದೆಯೇ ತೆಗೆದುಕೊಳ್ಳಬಹುದು ಎಂದು ಹೇಳಿ. ಮೊದಲ ದಿನಗಳಲ್ಲಿ ಡಬ್ಬಿ ಗಂಟೆಯೊಳಗೆ ಖಾಲಿಯಾಗುತ್ತದೆ. ಮಾತಾಡದೆ ಮತ್ತೆ ತುಂಬಿಸಿ. ತುಂಬಿಯೇ ಇರುತ್ತದೆ ಎಂಬ ನಂಬಿಕೆ ಬರಲು ತಿಂಗಳುಗಳೇ ಬೇಕಾಗಬಹುದು. ಶಿಕ್ಷೆಗೆಂದು ಊಟವನ್ನಾಗಲಿ ತಿಂಡಿಯನ್ನಾಗಲಿ ಎಂದೂ ಕಿತ್ತುಕೊಳ್ಳಬೇಡಿ. ತೆರೆದ ಡಬ್ಬಿಗೆ ಒಂದು ಅಪವಾದ ಉಂಟು, ಅದು ಹುಟ್ಟಿನಿಂದಲೇ ಬರುವ ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆ. ಅಲ್ಲಿ ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯುವುದೇ ಇಲ್ಲ, ತೆರೆದಿಟ್ಟ ಆಹಾರ ಪ್ರಾಣಕ್ಕೇ ಅಪಾಯ. ಆಹಾರಕ್ಕೆ ಬೀಗ ಮತ್ತು ಊಟಕ್ಕೆ ಖಚಿತ ವೇಳೆ ಎರಡೂ ಆ ಮಗುವಿಗೆ ನೆಮ್ಮದಿ ಕೊಡುತ್ತವೆ.

ಬರೆಯುವುದು, ಓದುವುದು, ಆಮೇಲೆ ತಿದ್ದುವುದು

ಒಂದು ಪುಸ್ತಕದಲ್ಲಿ ಮೂರು ಅಂಕಣ ಮಾಡಿ: ಮೊದಲು ಏನಾಯಿತು, ಮಗು ಏನು ಮಾಡಿತು, ಅದಾದ ತಕ್ಷಣ ಏನಾಯಿತು. ಹೊತ್ತು ಮತ್ತು ಎಷ್ಟು ನಿಮಿಷ ಎಂಬುದೂ ಇರಲಿ. ‘ಸಿಟ್ಟಾದ’, ‘ಹಟ ಮಾಡಿದ’ ಎಂದು ಬರೆಯಬೇಡಿ. ಕ್ಯಾಮೆರಾಗೆ ಕಾಣುವಂಥದ್ದನ್ನು ಮಾತ್ರ ಬರೆಯಿರಿ. ಒಂದು ನಮೂದು ಹೀಗಿದೆ ಎಂದುಕೊಳ್ಳಿ:

ಸಂಜೆ 6:10. ಟಿವಿ ಆರಿಸಿ, ಹೋಮ್‌ವರ್ಕ್ ತೆಗೆ ಎಂದು ಹೇಳಲಾಯಿತು. ಪುಸ್ತಕ ಎಸೆದ, ಮೇಜು ಒದ್ದ, 4 ನಿಮಿಷ. ಕೋಣೆಗೆ ಹೋಗಿ ಕೂರು ಎಂದು ಕಳಿಸಲಾಯಿತು. ಹೋದ, ಅಲ್ಲಿ ಕಾರು ಹಿಡಿದು ಆಡಿದ.

ಒಂದೇ ಸಂಜೆಯದನ್ನು ನೋಡಿದರೆ ತುಂಟತನಕ್ಕೆ ತಕ್ಕ ಶಿಕ್ಷೆ ಸಿಕ್ಕಂತೆ ಕಾಣುತ್ತದೆ. ಐದು ಸಂಜೆಯದನ್ನು ಸಾಲಾಗಿ ಇಟ್ಟು ಓದಿ. ಐದು ದಿನವೂ ಪುಸ್ತಕ ಎಸೆದದ್ದಕ್ಕೆ ಸಿಕ್ಕದ್ದು ಹೋಮ್‌ವರ್ಕ್‌ನಿಂದ ಬಿಡುಗಡೆ. ಎಸೆತ ಆ ಹುಡುಗನ ಪಾಲಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಅದಕ್ಕೆ ನೀರೆರೆಯುತ್ತಿರುವುದು ನಾವು ಕೊಟ್ಟ ಶಿಕ್ಷೆಯೇ. ವರ್ತನೆಗೆ ಸಾಮಾನ್ಯವಾಗಿ ನಾಲ್ಕು ಫಲಗಳಲ್ಲಿ ಒಂದು ಸಿಗುತ್ತಿರುತ್ತದೆ: ಗಮನ, ಕಷ್ಟದಿಂದ ಬಿಡುಗಡೆ, ಬೇಕಾದ ವಸ್ತು, ಅಥವಾ ಮೈಗೆ ಹಿತವಾದ ಅನುಭವ. ಯಾವುದೆಂದು ತಿಳಿಯದೆ ಹೂಡಿದ ಉಪಾಯ ತಿರುಗುಬಾಣವಾಗಬಹುದು.

ಬಿಡುಗಡೆ ಎಂದು ತಿಳಿದ ಮೇಲೆ ದಾರಿ ಸ್ಪಷ್ಟ. ಹತ್ತು ಲೆಕ್ಕದ ಬದಲು ಎರಡೇ ಲೆಕ್ಕ ಕೊಡಿ. ‘ಸಹಾಯ ಬೇಕು’, ‘ವಿರಾಮ ಬೇಕು’ ಎಂಬ ಎರಡು ಕಾರ್ಡ್ ಮೇಜಿನ ಮೇಲಿಡಿ. ಕಾರ್ಡ್ ತೋರಿಸಿದ ಕ್ಷಣವೇ, ಪ್ರಶ್ನೆ ಕೇಳದೆ, 2 ನಿಮಿಷ ವಿರಾಮ ಕೊಡಿ. ಎಸೆಯುವುದಕ್ಕಿಂತ ಕಾರ್ಡ್ ಬೇಗ ಕೆಲಸ ಮಾಡಬೇಕು, ಇಲ್ಲವಾದರೆ ಮಗು ಕಾರ್ಡ್ ಯಾಕೆ ಹಿಡಿಯಬೇಕು? ಎಸೆದರೆ ಪುಸ್ತಕ ಎತ್ತಿಟ್ಟು, ಶಾಂತವಾದ ಮೇಲೆ ಉಳಿದ ಒಂದು ಲೆಕ್ಕಕ್ಕೆ ಸಹಾಯ ಮಾಡಿ ಮುಗಿಸಿ. ಮೊದಲ ಕೆಲವು ದಿನ ಎಸೆತ ಹೆಚ್ಚಾಗುತ್ತದೆ, ಮುಂಚೆ ನಡೆಯುತ್ತಿದ್ದದ್ದು ನಿಂತಾಗ ಯಾರಾದರೂ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತಾರೆ. ಇಲ್ಲೇ ಹೆಚ್ಚಿನ ಯೋಜನೆಗಳು ಕೈಬಿಟ್ಟುಹೋಗುವುದು. ನಾಲ್ಕನೇ ದಿನ ಸೋತು ಬಿಟ್ಟುಕೊಟ್ಟರೆ, ಇನ್ನೂ ಜೋರಾಗಿ ಎಸೆದರೆ ಸಿಗುತ್ತದೆ ಎಂಬ ಪಾಠ ಕಲಿಸಿದಂತಾಗುತ್ತದೆ. ತನಗೇ ಪೆಟ್ಟು ಮಾಡಿಕೊಳ್ಳುವ ಅಥವಾ ಇನ್ನೊಬ್ಬರಿಗೆ ಗಾಯ ಮಾಡುವ ವರ್ತನೆಯಾಗಿದ್ದರೆ ಈ ಏರಿಕೆಯೇ ಅಪಾಯ. ಅಂಥದಕ್ಕೆ ವರ್ತನಾ ತಜ್ಞರು ಜೊತೆಗಿಲ್ಲದೆ ಕೈಹಾಕಬೇಡಿ.

ಒಂದು ಸಲಕ್ಕೆ ಎರಡು ವರ್ತನೆ ಮಾತ್ರ ಆರಿಸಿಕೊಳ್ಳಿ. ಏನೂ ಬದಲಿಸದೆ ಒಂದು ವಾರ ಎಣಿಸಿ, ಆಮೇಲೆ ಯೋಜನೆ ಶುರು ಮಾಡಿ, ಎರಡು ಮೂರು ವಾರದ ಮೇಲೆ ಮತ್ತೆ ನೋಡಿ. ಎಣಿಕೆ ಇಲ್ಲದಿದ್ದರೆ ದಿನಕ್ಕೆ ಒಂಬತ್ತರಿಂದ ಆರಕ್ಕೆ ಇಳಿದದ್ದು ದಣಿದ ಕಣ್ಣಿಗೆ ಕಾಣುವುದೇ ಇಲ್ಲ.

ಹೊಗಳುವಾಗ ‘ಜಾಣ’ ಎಂದರೆ ಸಾಲದು. ‘ಕರೆದ ತಕ್ಷಣ ಬಂದೆ’ ಎಂದು ಮಾಡಿದ್ದನ್ನೇ ಹೇಳಿ, ಕೆಲವೇ ಸೆಕೆಂಡಿನೊಳಗೆ. ಒಂದು ತಿದ್ದುಪಡಿಗೆ ನಾಲ್ಕಾದರೂ ಮೆಚ್ಚುಗೆ ಇರಲಿ. ಅಂಕದ ಪಟ್ಟಿ ಇಟ್ಟರೆ ಬೆಳವಣಿಗೆಯಲ್ಲಿ ಹಿಂದಿರುವ ಮಗುವಿಗೆ ಗಳಿಸಿದ ಅಂಕವನ್ನು ಕಳೆಯಬೇಡಿ, ಬಹುಮಾನ ಅದೇ ದಿನ ಸಿಗಲಿ. ಗರ್ಭದಲ್ಲೇ ಮದ್ಯದಿಂದ ಹಾನಿಯಾದ ಮಕ್ಕಳಲ್ಲಿ ಈ ಪಟ್ಟಿಗಳು ಬಹಳ ಸಲ ಸೋಲುತ್ತವೆ. ನಿನ್ನೆಯ ತಪ್ಪಿಗೂ ಇಂದಿನ ಪರಿಣಾಮಕ್ಕೂ ಇರುವ ನಂಟು ಅವರ ನೆನಪಿನಲ್ಲಿ ನಿಲ್ಲುವುದಿಲ್ಲ. ನಿನ್ನೆ ಬಂದ ಮಗ್ಗಿ ಇಂದು ಮರೆತಿರುತ್ತದೆ. ಅಲ್ಲಿ ಬದಲಿಸಬೇಕಾದದ್ದು ಪರಿಸರ: ಜೊತೆಗೊಬ್ಬರು ದೊಡ್ಡವರು, ಪ್ರತಿ ದಿನ ಅದೇ ಪದಗಳಲ್ಲಿ ಅದೇ ಜ್ಞಾಪನೆ, ಆಸೆ ಹುಟ್ಟಿಸುವ ವಸ್ತು ಕಣ್ಣಿಗೆ ಬೀಳದಂತೆ ಎತ್ತಿಡುವುದು.

‘ನೀನೇ ತಗೊಂಡೆಯಾ?’ ಎಂದು ಉತ್ತರ ಗೊತ್ತಿದ್ದೂ ಕೇಳುವುದು ಸುಳ್ಳು ಹೇಳಿಸಿದಂತೆ. ‘ಪೆನ್ನು ನಿನ್ನ ಚೀಲದಲ್ಲಿದೆ, ಇಬ್ಬರೂ ಹೋಗಿ ವಾಪಸ್ ಕೊಡೋಣ’ ಎಂದರೆ ಮುಗಿಯಿತು.

ರಂಪ ಎದ್ದಾಗ

ಬೇಕಾದದ್ದಕ್ಕಾಗಿ ಅಳುವ ಮಗು ನೀವು ನೋಡುತ್ತಿದ್ದೀರಾ ಎಂದು ಆಗಾಗ ಗಮನಿಸುತ್ತದೆ, ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿ ಹಾಗಿಲ್ಲ. ಸದ್ದು, ಬೆಳಕು, ಜನ, ಬದಲಾವಣೆ ತಡೆಯಲಾರದಷ್ಟಾಗಿ ಮಗುವಿನ ಹಿಡಿತವೇ ತಪ್ಪಿರುತ್ತದೆ. ಆಗ ಪಾಠ ಹೇಳುವುದು, ಬೆದರಿಸುವುದು, ಕ್ಷಮೆ ಕೇಳಿಸುವುದು ಎಲ್ಲವೂ ಬೆಂಕಿಗೆ ಸೌದೆ. ಬೇರೆ ಮಕ್ಕಳನ್ನು ಆಚೆ ಕಳಿಸಿ. ಮಗುವನ್ನು ಎಳೆಯುವುದಕ್ಕಿಂತ ಉಳಿದವರನ್ನು ಕಳಿಸುವುದು ಸುಲಭ. ಟಿವಿ, ದೀಪ ಆರಿಸಿ. ಎರಡು ತೋಳಿನಷ್ಟು ದೂರದಲ್ಲಿ, ಪಕ್ಕಕ್ಕೆ ತಿರುಗಿ, ಸಾಧ್ಯವಾದರೆ ಕೆಳಗೆ ಕೂತುಕೊಳ್ಳಿ, ಮಾತು ನಿಲ್ಲಿಸಿ. ‘ಇಲ್ಲೇ ಇದ್ದೇನೆ’ ಎಂಬ ಎರಡು ಪದ ಸಾಕು. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ತಲೆ ಚಚ್ಚುತ್ತಿದ್ದರೆ ಕೈ ಹಿಡಿಯುವ ಬದಲು ನಡುವೆ ದಿಂಬು ತೂರಿಸಿ.

ತರಬೇತಿ ಮತ್ತು ಅನುಮತಿ ಇಲ್ಲದೆ ಮಗುವನ್ನು ಬಿಗಿಹಿಡಿಯಬಾರದು. ಬೋರಲು ಮಲಗಿಸಿ ಒತ್ತಿಹಿಡಿಯುವುದು, ಎದೆ ಅಥವಾ ಬೆನ್ನಿನ ಮೇಲೆ ಭಾರ ಹಾಕುವುದು ಉಸಿರು ಕಟ್ಟಿಸಿ ಮಕ್ಕಳ ಪ್ರಾಣ ತೆಗೆದಿದೆ. ಯಾವ ತರಬೇತಿ ಇದ್ದರೂ ಅದನ್ನು ಮಾಡಬೇಡಿ. ಹೊಡೆತವಂತೂ ಹೊಡೆತ ತಿಂದು ಬಂದ ಮಗುವಿನ ಹಳೆಯ ಭಯವನ್ನೇ ನಿಜ ಮಾಡುತ್ತದೆ.

ಅಳು ನಿಂತ ಮಾತ್ರಕ್ಕೆ ಮುಗಿದಿಲ್ಲ. ಮೈ ತಣ್ಣಗಾಗಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅದಕ್ಕೆ ಮೊದಲೇ ‘ಯಾಕೆ ಹಾಗೆ ಮಾಡಿದೆ’ ಎಂದು ಶುರು ಮಾಡಿದರೆ ಎರಡನೇ ಸುತ್ತು ಏಳುತ್ತದೆ. ನೀರು ಕೊಡಿ, ಸುಮ್ಮನೆ ಕೂರಿ. ಆಮೇಲೆ ಬಿದ್ದದ್ದನ್ನು ಜೊತೆಯಾಗಿ ಎತ್ತಿಡಿ. ವಿಚಾರಣೆಗಿಂತ ಈ ಎತ್ತಿಡುವ ಕೆಲಸವೇ ಹೆಚ್ಚು ಕಲಿಸುತ್ತದೆ.

ಔಷಧ

ಕೊಟ್ಟ ಕೂಡಲೇ ಪಟ್ಟಿಯಲ್ಲಿ ಗುರುತು ಹಾಕಿ, ಸಂಜೆ ನೆನಪಿನಿಂದ ಬೇಡ. ಇಬ್ಬರು ದೊಡ್ಡವರಿರುವ ಮನೆಯಲ್ಲಿ ಎರಡೆರಡು ಸಲ ಕೊಡುವ ತಪ್ಪು ಆಗುವುದು ಹೀಗೆಯೇ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಹಸಿವು ಇಳಿಸುತ್ತದೆ, ಆದ್ದರಿಂದ ಬೆಳಗಿನ ತಿಂಡಿ ಹೊಟ್ಟೆ ಸೇರಿದ ಮೇಲೆ ಕೊಡುವುದು ಒಳ್ಳೆಯದು. ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಹೋಗುತ್ತದೆ. ತೀವ್ರ ರೇಗಾಟಕ್ಕೆ ಕೊಡುವ ರಿಸ್ಪೆರಿಡೋನ್ ತದ್ವಿರುದ್ಧ, ಹಸಿವನ್ನೂ ತೂಕವನ್ನೂ ಏರಿಸುತ್ತದೆ. ತೂಕ, ರಕ್ತದ ಸಕ್ಕರೆ, ಕೊಬ್ಬಿನ ಪರೀಕ್ಷೆ ಯಾವಾಗ ಎಂದು ವೈದ್ಯರನ್ನು ಕೇಳಿ. ಎಡಿಎಚ್‌ಡಿಗೂ ನಿದ್ದೆಗೂ ಕೊಡುವ ಕ್ಲೊನಿಡಿನ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ರಕ್ತದೊತ್ತಡ ಜಿಗಿಯಬಹುದು, ಫಿಟ್ಸ್ ಔಷಧ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಮನೆ ಬದಲಾಗುವ ವಾರದಲ್ಲೇ ಔಷಧ ಮುಗಿದುಹೋಗುವುದು ಬಹಳ ಸಾಮಾನ್ಯ, ಒಂದು ವಾರದ್ದು ಹೆಚ್ಚುವರಿ ಇರಲಿ.

ಫಿಟ್ಸ್ ಬಂದರೆ ಗಡಿಯಾರ ನೋಡಿ, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ ತುರ್ತು ಕರೆ ಮಾಡಿ.

ಹೆತ್ತವರ ಭೇಟಿ

ಭೇಟಿಯಾದ ಮೇಲೆ ಒಂದೆರಡು ದಿನ ಹಾಸಿಗೆ ಒದ್ದೆ, ಹೊಡೆದಾಟ, ಮೌನ ಇದ್ದೇ ಇರುತ್ತದೆ. ಇದನ್ನು ನೋಡಿ ಭೇಟಿಯೇ ಬೇಡ ಎನ್ನುವ ಆತುರ ಸಾಕು ಪೋಷಕರಿಗೆ ಬರುತ್ತದೆ. ಪ್ರೀತಿಸುವವರನ್ನು ಬಿಟ್ಟು ಬಂದ ಮಗು ಅಳದೆ ಇನ್ನೇನು ಮಾಡೀತು? ಭೇಟಿಯಲ್ಲಿ ಬೆದರಿಕೆ, ಹಿಂಸೆ ನಡೆದ ಗುರುತಿದ್ದರೆ ಮಾತ್ರ ತಕ್ಷಣ ತಂಡಕ್ಕೆ ತಿಳಿಸಿ. ಉಳಿದಂತೆ ಆ ಎರಡು ದಿನ ಹೊಸ ಕೆಲಸ, ಹೊಸ ಜಾಗ ಇಟ್ಟುಕೊಳ್ಳಬೇಡಿ. ಹೆತ್ತವರ ಬಗ್ಗೆ ಮಗುವಿನ ಎದುರು ಒಂದು ಕೆಟ್ಟ ಮಾತೂ ಬರಬಾರದು, ಫೋನಿನಲ್ಲಿ ಬೇರೆಯವರ ಜೊತೆ ಆಡುವುದನ್ನೂ ಮಗು ಕೇಳಿಸಿಕೊಳ್ಳುತ್ತದೆ. ಹೆತ್ತವರಿಗೂ ನಿಮ್ಮ ದಿನಚರಿ, ಕಾರ್ಡ್, ಸೂಚನೆಯ ಪದಗಳನ್ನು ಕಲಿಸಿ. ಮಗು ವಾಪಸ್ ಹೋಗುವುದು ಬಹುಶಃ ಅಲ್ಲಿಗೇ.

ಸಾಕುವವರು

ಬಿಡುವು ಬೇಕೆಂದು ಕೇಳುವುದಕ್ಕೆ ಎಷ್ಟೋ ಸಾಕು ಪೋಷಕರು ಕುಸಿದು ಬೀಳುವವರೆಗೆ ಕಾಯುತ್ತಾರೆ. ಕುಸಿದ ಮೇಲೆ ತರಾತುರಿಯಲ್ಲಿ ಗೊತ್ತಿಲ್ಲದವರ ಮನೆಗೆ ಕಳಿಸಿದರೆ ಮಗುವಿಗೆ ಅದು ಇನ್ನೊಂದು ಹೊರಹಾಕುವಿಕೆ. ನಿಮ್ಮ ಬಿಡುವಿನ ಹೊತ್ತಲ್ಲಿ ಮಗುವನ್ನು ನೋಡಿಕೊಳ್ಳಲು ಮೊದಲ ತಿಂಗಳಲ್ಲೇ ಒಬ್ಬ ವ್ಯಕ್ತಿಯನ್ನು ಗೊತ್ತು ಮಾಡಿ, ಆರಂಭದಲ್ಲಿ ನಿಮ್ಮ ಮನೆಯಲ್ಲೇ ಎರಡು ಗಂಟೆ ಜೊತೆಗಿರಲಿ, ಆಮೇಲೆ ನಿಗದಿತ ದಿನ ಅವರ ಮನೆ, ದಿನಚರಿ ಹಲಗೆಯಲ್ಲಿ ಅದರ ಚಿತ್ರದ ಸಮೇತ. ಮನೆಯ ಸ್ವಂತ ಮಕ್ಕಳಿಗೂ ದಿನದಲ್ಲಿ ಹದಿನೈದು ನಿಮಿಷ ಪೂರ್ತಿ ಅವರದೇ ಆಗಿರಲಿ, ಅವರು ದೂರು ಹೇಳಿದರೆ ‘ನೀನು ದೊಡ್ಡವನು, ಹೊಂದಿಕೋ’ ಎನ್ನಬೇಡಿ. ಗಾಯವಾಗುತ್ತಿದೆ ಎಂದು ಅವರೇ ಮೊದಲು ಹೇಳುವವರು.

ಮಗು ಹೊರಡುವಾಗ

ಹೆತ್ತವರ ಬಳಿಗೋ ಕಾಯಂ ಮನೆಗೋ ಹೊರಡುವ ದಿನ ಗೊತ್ತಾದ ಮೇಲೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೊದಲು ಹಗಲು ಭೇಟಿ, ಆಮೇಲೆ ಒಂದು ರಾತ್ರಿ, ವಾರಾಂತ್ಯ, ಹೀಗೆ ಹೆಚ್ಚಿಸಿ. ಕಾಲದ ಅಳತೆ ತಿಳಿಯದ ಮಗುವಿಗೆ ತಿಂಗಳ ಮುಂಚೆ ಹೇಳಿದರೆ ಪ್ರತಿ ಬೆಳಗ್ಗೆ ಇವತ್ತಾ ಎಂದು ಕೇಳುತ್ತ ನಿದ್ದೆಗೆಡುತ್ತದೆ. ಒಂದು ವಾರ ಮುಂಚೆ ಚಿತ್ರದೊಡನೆ ಹೇಳಿದರೆ ಸಾಕು. ಕೊನೆಯ ವಾರಗಳಲ್ಲಿ ಹಳೆಯ ವರ್ತನೆಗಳು ಮತ್ತೆ ತಲೆ ಎತ್ತುತ್ತವೆ. ಇದರಿಂದ ಹೊರಡುವುದನ್ನು ಮುಂದೂಡಬೇಡಿ.

ಜೊತೆಗೆ ಕಳಿಸಬೇಕಾದದ್ದು: ಔಷಧದ ಪಟ್ಟಿ ಮತ್ತು ಉಳಿದ ಮಾತ್ರೆ, ದಿನಚರಿಯ ಚಿತ್ರಗಳು, ಕಾರ್ಡ್‌ಗಳು, ತಿಂಡಿಯ ಡಬ್ಬಿ, ಈ ಮನೆಯ ಫೋಟೊಗಳಿರುವ ಪುಸ್ತಕ, ಒಗೆಯದ ಹೊದಿಕೆ. ಬಟ್ಟೆಗೆ ಗಟ್ಟಿಯಾದ ಚೀಲ ಕೊಡಿ, ಕಸದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಳಿಸಬೇಡಿ. ಮೂರು ಅಂಕಣದ ಪುಸ್ತಕದಿಂದ ಒಂದು ಪುಟದ ಸಾರ ಬರೆದುಕೊಡಿ: ರೇಗುವ ಮುನ್ಸೂಚನೆ ಮೂರು, ಸಮಾಧಾನದ ದಾರಿ ಮೂರು, ಎಂದೂ ಮಾಡಬಾರದ್ದು ಮೂರು. ಅವರು ಫೋನ್ ಮಾಡಬಹುದಾದ ಹೊತ್ತನ್ನೂ ಅದೇ ಪುಟದ ಕೆಳಗೆ ಬರೆಯಿರಿ, ಮೊದಲ ಎರಡು ವಾರ ಆ ಹೊತ್ತಿಗೆ ಫೋನ್ ಕೈಯಲ್ಲೇ ಇರಲಿ.